ನಡುವಿನ ಡಬ್ಬ ಬೇಡ ಅಂದದ್ದು

ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು ಹಾಡುಗಾರರಿಲ್ಲದೆಯೇ ಹಾಡುಗಳು ನಡೆದವು. ಅದು ನನ್ನ ಗಮನಕ್ಕೆ ಬರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ನನ್ನ ಹೆಂಡತಿ ಸರೋಜ ಇದನ್ನು ಹೇಗೂ ಎಲ್ಲರಿಗೂ ಹೇಳುತ್ತಾಳೆ; ಅವಳಿಂದ ಕೇಳುವುದಕ್ಕಿಂತ ನನ್ನಿಂದ ಕೇಳುವುದು ನಿಮಗೂ ಅಗ್ಗ.

ರಾಮಮೂರ್ತಿ ನಗರದಲ್ಲಿ ನನ್ನದೊಂದು ಬೀಗ, ಚಿಲಕ, ಬಾಗಿಲ ಹಿಡಿಕೆಗಳ ಅಂಗಡಿ. ಒಂದು ಕಾಲದಲ್ಲಿ ಅದೇ ಚಿಲಕಗಳನ್ನು ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ಹಲಸೂರಿನ ಸಂದಿಗಳಲ್ಲಿ ಮಾರಿದವನು ನಾನು. ಓದು ಹತ್ತನೆಯ ತರಗತಿಗೆ ನಿಂತಿತು; ಚೌಕಾಸಿ ಎಲ್ಲಿಯೂ ನಿಲ್ಲಲಿಲ್ಲ. ನಾನು ಆಸ್ಪತ್ರೆಯಲ್ಲಿ ಸಹ ಬಿಲ್ ಕೌಂಟರಿನ ಮುಂದೆ 'ಕೊನೇ ಮಾತು ಹೇಳಿ' ಅಂದವನು. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ಸಲಹೆಗಳು ಬರುತ್ತವೆ. ಅವಕ್ಕೆ ಬೇರೆ ಹಣವಿಲ್ಲ.

ವಿಷಯ ಇಷ್ಟು. ಅಂಗಡಿಯಲ್ಲಿ ಸವೆದ ಕಂಪ್ಯೂಟರೊಂದು ನಿವೃತ್ತಿಯಾಗಿ ಮನೆಗೆ ಬಂತು. ಅದಕ್ಕೆ ಇಂಟರ್‌ನೆಟ್ ಕೊಟ್ಟರೆ ಲೋಕದ ಹಾಡುಗಳೆಲ್ಲ ಪುಕ್ಕಟೆ ಬರುತ್ತವೆ ಎಂದು ತಿಳಿದ ದಿನ ನನಗೆ ರೋಮಾಂಚನವಾಯಿತು. ಕೋಟಿಗಟ್ಟಲೆ ಹಾಡುಗಳು! ಅವುಗಳಲ್ಲಿ ನಾನು ಕೇಳುತ್ತಿದ್ದದ್ದು ಹನ್ನೊಂದು. ಆದರೆ ಉಗ್ರಾಣ ದೊಡ್ಡದಿದ್ದರೆ ವ್ಯಾಪಾರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಒಂದೇ ಕೊರತೆ. ಕಂಪ್ಯೂಟರಿನ ಜೊತೆ ಬಂದಿದ್ದ ಪುಟ್ಟ ಸ್ಪೀಕರುಗಳಲ್ಲಿ ಎಂಥ ಗಾಯಕನೂ ಹಿಟ್ಟಿನ ಡಬ್ಬದೊಳಗೆ ಕೂತು ಹಾಡಿದಂತಿರುತ್ತಿತ್ತು. ಇದಕ್ಕೆ ಬೇಕಾದದ್ದು ರಿಸೀವರ್ ಎಂದು ಯಾರೋ ಹೇಳಿದರು.

ರಿಸೀವರ್ ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮದುವೆಮನೆಯಲ್ಲಿ ಬಡಿಸುವ ಉಸ್ತುವಾರಿ ಹೊತ್ತ ಸೋದರಮಾವ. ತಾನು ಅಡಿಗೆ ಮಾಡುವುದಿಲ್ಲ, ಉಣ್ಣುವುದೂ ಇಲ್ಲ. ಒಳಗಿನಿಂದ ಬಂದದ್ದನ್ನು ಯಾವ ಪಂಕ್ತಿಗೆ ಎಷ್ಟು ಕಳಿಸಬೇಕೆಂದು ನಿರ್ಧರಿಸುತ್ತಾನೆ. ಕಂಪ್ಯೂಟರಿನಿಂದ ಒಂದು ವೈರು ಅವನ ಬೆನ್ನಿಗೆ ಬಂದು ಸೇರುತ್ತದೆ. ಅವನ ಬೆನ್ನಿನಿಂದ ಹೊರಟ ವೈರುಗಳು ಸ್ಪೀಕರುಗಳಿಗೆ ಹೋಗುತ್ತವೆ. ಅಷ್ಟೇ.

ಮೊದಲು ಇಂದಿರಾನಗರದ ಒಂದು ಷೋರೂಮಿಗೆ ಹೋದೆ. ಚಪ್ಪಲಿ ಬಿಡಿಸಿ, ರತ್ನಗಂಬಳಿಯ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು ಹಾಡು ಕೇಳಿಸಿದರು. ಸಲಹೆ: ಬೆಲೆ ಹೇಳುವ ಮೊದಲು ಕಾಫಿ ಕೊಡುವ ಅಂಗಡಿಯಲ್ಲಿ ಕಾಫಿ ಕುಡಿದು ಎದ್ದುಬನ್ನಿ. ನಾನು ಹಾಗೆಯೇ ಮಾಡಿ ಮುಂದಿನ ಭಾನುವಾರ ಶಿವಾಜಿನಗರಕ್ಕೆ ಹೋದೆ.

ಅಲ್ಲಿ ಹಳೇ ಸಾಮಾನಿನ ಇಲಿಯಾಸ್ ಭಾಯಿಯ ಅಂಗಡಿ. ಯಾರೋ ದೊಡ್ಡ ಮನೆಯವರು ಖಾಲಿ ಮಾಡಿಹೋದ ರಿಸೀವರು, ಐದು ಸ್ಪೀಕರು, ಒಟ್ಟಿಗೆ ಒಂದು ಸೆಟ್ಟು. ಮುಂದೆ ಎರಡು, ಹಿಂದೆ ಎರಡು, ಟೀವಿಯ ಕೆಳಗೆ ಅಡ್ಡಲಾಗಿ ಮಲಗಿಸುವ ಉದ್ದನೆಯದು ಒಂದು. ನಾನು ಒಂದು ಗಂಟೆ ಚೌಕಾಸಿ ಮಾಡಿದೆ. ನನ್ನ ಹಿಟ್ಟಿನ ಡಬ್ಬದ ಸ್ಪೀಕರುಗಳನ್ನೂ ಬದಲಿಗೆ ಕೊಟ್ಟೆ. ಭಾಯಿ ಇಳಿದ, ಇಳಿದ, ಒಂದು ಕಡೆ ನಿಂತುಬಿಟ್ಟ. ಆಗ ನನ್ನೊಳಗಿನ ಮೂವತ್ತು ವರ್ಷದ ಅನುಭವ ಎದ್ದುಬಂತು.

"ಭಾಯಿ, ನಮ್ಮನೇಲಿರೋದು ಇಬ್ರು. ಕಿವಿ ನಾಲ್ಕು. ಐದನೇ ಸ್ಪೀಕರ್ ಯಾರಿಗೆ?"

"ಸಾಬ್, ಅದು ಬೀಚ್ ಕಾ ಡಬ್ಬ, ನಡುವಿಂದು. ಸೆಟ್ ಒಡೀಬಾರ್ದು."

"ನೀನೇ ಇಟ್ಕೋ. ಅದರ ದುಡ್ಡು ಬೆಲೇಲಿ ಕಳಿ."

ಅವನು ಆ ಉದ್ದನೆಯ ಡಬ್ಬವನ್ನು ಪಕ್ಕಕ್ಕೆ ಎತ್ತಿಟ್ಟ. "ಸೋಚ್ ಲೋ ಸಾಬ್, ಯೋಚ್ನೆ ಮಾಡಿ."

"ಸೋಚ್ ಆಯ್ತು."

ನಾಲ್ಕು ಸ್ಪೀಕರುಗಳೊಂದಿಗೆ ಆಟೋ ಹತ್ತಿದಾಗ ನನಗೆ ಆದ ಸಂತೋಷ ಹಾಡು ಕೇಳುವಾಗಲೂ ಆಗಲಿಲ್ಲ. ಇದು ಚೌಕಾಸಿಗಾರರಿಗೆಲ್ಲ ಅಂಟಿದ ಕಾಯಿಲೆ. ನಾವು ವಸ್ತು ಕೊಳ್ಳುವುದಿಲ್ಲ, ಇಳಿದ ಬೆಲೆಯನ್ನು ಕೊಳ್ಳುತ್ತೇವೆ.

ಜೋಡಣೆ ಆಯಿತು. ರಿಸೀವರಿನ ಹಣೆಯ ಮೇಲೆ ಸದ್ದಿನ ಅಳತೆ ತೋರಿಸುವ ನೀಲಿ ಅಂಕಿ ಹೊತ್ತಿಕೊಂಡಿತು. ತಬಲಾ ಅಂತೂ ಸೋಫಾದ ಕೈಯ ಮೇಲೆ ಬಾರಿಸಿದಂತೆ ಕೇಳಿಸಿತು, ಪಿಟೀಲು ಕಿಟಕಿಯ ಹತ್ತಿರ. ನಾನು ಕಣ್ಣು ಮುಚ್ಚಿ ತಲೆ ಆಡಿಸಿದೆ. ಮುಚ್ಚಿದ ಕಣ್ಣಿನವರ ಮುಂದೆ ಟೀಕೆ ಮಾಡುವುದು ಜನರಿಗೆ ಕಷ್ಟ ಎಂಬುದು ನನ್ನ ತಿಳುವಳಿಕೆ. ಸರೋಜ ಆ ಜನರಿಗೆ ಸೇರಿದವಳಲ್ಲ.

"ರೀ, ತಬಲಾ ನಮ್ಮನೇಲಿದೆ. ಹಾಡೋಳು ಪಕ್ಕದ್ಮನೇಲಿದ್ದಾಳಲ್ಲ?"

"ಅದಕ್ಕೆ ಕ್ವಾಲಿಟಿ ಅಂತಾರೆ. ಕಛೇರೀಲಿ ದೊಡ್ಡೋರು ಸ್ವಲ್ಪ ಹಿಂದೆ ಕೂತಿರ್ತಾರೆ."

"ಟಿಕೆಟ್ ಅಗ್ಗದ್ದಾದ್ರೆ ಎಲ್ರೂ ಹಿಂದೇನೇ ಕಾಣೋದು."

ಇನ್ನೊಂದು ಪವಾಡವನ್ನೂ ಹೇಳಬೇಕು. ಹಣ ಕೊಡದವರಿಗೆ ಈ ಪುಕ್ಕಟೆ ಹಾಡುಗಳ ನಡುವೆ ಜಾಹೀರಾತು ಬರುತ್ತದೆ. ನಮ್ಮ ಮನೆಯಲ್ಲಿ ಜಾಹೀರಾತಿನವನ ಮಾತು ಬರುತ್ತಲೇ ಇರಲಿಲ್ಲ! ಪರದೆಯ ಮೇಲೆ ಚಿತ್ರ ಕುಣಿಯುತ್ತಿತ್ತು, ಹಿಂದಿನ ವಾದ್ಯ ಒಂದಿಷ್ಟು ಮಿಡಿಯುತ್ತಿತ್ತು, ಮಾತಿಲ್ಲ. ಪೆಟ್ಟಿಗೆಯೇ ಜಾಹೀರಾತನ್ನು ಸೋಸುತ್ತದೆ ಎಂದು ನಾನು ತೀರ್ಮಾನಿಸಿದೆ. ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದೆ. ಇಬ್ಬರು ಇಲಿಯಾಸ್ ಭಾಯಿಯ ವಿಳಾಸ ಬರೆದುಕೊಂಡರು.

ನನ್ನ ಈ ಪ್ರಚಾರ ಮಹಡಿಯ ಮೇಲಿನ ಕೋಣೆಯವರೆಗೂ ಮುಟ್ಟಿತು. ಅಲ್ಲಿ ಬಾಡಿಗೆಗಿರುವುದು ಯಾದಗಿರಿ ಕಡೆಯ ಶರಣಮ್ಮ ಮತ್ತು ಅವಳ ಗಂಡ ಮಲ್ಲಪ್ಪ. ಅವನು ನೆಲಕ್ಕೆ ಟೈಲ್ಸ್ ಹಾಕುವ ಕೆಲಸದವನು, ಇವಳು ಕಗ್ಗದಾಸಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗುಡಿಸುತ್ತಾಳೆ. ಇಬ್ಬರದೂ ಗುಂಡಿ ಒತ್ತುವ ಹಳೇ ಫೋನು. ಒಂದು ಬುಧವಾರ ಅವಳು ಬಾಗಿಲಲ್ಲಿ ನಿಂತು ಸೆರಗು ಸರಿಪಡಿಸಿಕೊಂಡಳು.

"ಅಣ್ಣಾರ, ನಿಮ್ಮ ಪೆಟಗಿಯಾಗ ಎಲ್ಲಾರ ಹಾಡೂ ಬರ್ತಾವಂತಲ್ರಿ? ನಮ್ಮವ್ವಂದೂ ಒಂದು ಅದರಾಗ ಅದಂತ್ರಿ."

"ನಿಮ್ಮವ್ವ ಗಾಯಕಿನಾ?"

"ಇಲ್ರಿ. ಹೊಲದಾಗ ಕಸಾ ತಗೀಲಿಕ್ಕ ಹೋಗ್ತಿದ್ಳು."

ಕಥೆ ಹೀಗೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಊರಿನಲ್ಲಿ ಅವಳ ಅವ್ವನೇ ಹಾಡಬೇಕು. ಅಂಥ ಒಂದು ತೊಟ್ಟಿಲ ಶಾಸ್ತ್ರದಲ್ಲಿ ಶರಣಮ್ಮನ ತಂಗಿ ಅದನ್ನು ಫೋನಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಏರಿಸಿದ್ದಳು. ಅವ್ವ ಹೋದ ವರ್ಷ ತೀರಿಕೊಂಡಳು. ಬರುವ ಭಾನುವಾರಕ್ಕೆ ವರ್ಷ. ಊರಿಗೆ ಹೋಗಲು ಅಪಾರ್ಟ್‌ಮೆಂಟಿನವರು ರಜೆ ಕೊಟ್ಟಿಲ್ಲ. ಹಾಡನ್ನು ಅವಳು ಒಮ್ಮೆ ತಂಗಿಯ ಫೋನಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದ್ದಳಂತೆ.

"ಅರ್ಧಕ್ಕ ಬಸ್ ಬಂತ್ರಿ. ಒಂದ್ ಸಲ ಪೂರಾ ಕೇಳಬೇಕಂತ ಆಸೆ ಅದರಿ."

"ಭಾನುವಾರ ಬೆಳಿಗ್ಗೆ ಬಾಮ್ಮ," ಅಂದೆ. "ನಿಮ್ಮವ್ವ ಎದುರಿಗೇ ಕೂತು ಹಾಡ್ದಂಗೆ ಕೇಳಿಸ್ತೀನಿ."

ಸಲಹೆ: ಸರಕು ಕೈಗೆ ಬರುವ ಮೊದಲು ಗಿರಾಕಿಗೆ ಮಾತು ಕೊಡಬೇಡಿ. ಮೂವತ್ತು ವರ್ಷ ಪಾಲಿಸಿದ ನಿಯಮ ಅಂದು ತಪ್ಪಿದೆ.

ಭಾನುವಾರ ಶರಣಮ್ಮ ತಲೆಸ್ನಾನ ಮಾಡಿ, ಸಣ್ಣ ತಟ್ಟೆಯಲ್ಲಿ ಎರಡು ಹೋಳಿಗೆ, ಒಂದು ಬಾಳೆಹಣ್ಣು ಇಟ್ಟುಕೊಂಡು ಬಂದಳು. ಮಲ್ಲಪ್ಪ ಹಿಂದೆ ನಿಂತಿದ್ದ. ಊದಿನಕಡ್ಡಿ ಹಚ್ಚಿ, ಎಲ್ಲಿ ಸಿಕ್ಕಿಸುವುದೆಂದು ಸುತ್ತ ನೋಡಿ, ಕೊನೆಗೆ ರಿಸೀವರಿನ ಮುಂದೆ ಹೋಳಿಗೆಯ ತಟ್ಟೆ ಇಟ್ಟು ಪಕ್ಕದಲ್ಲಿ ಬಾಳೆಹಣ್ಣಿಗೆ ಚುಚ್ಚಿದಳು. ಹಳೇ ಸಾಮಾನಿನ ಅಂಗಡಿಯಿಂದ ಬಂದ ಆ ಪೆಟ್ಟಿಗೆ ಇದ್ದಕ್ಕಿದ್ದಂತೆ ಮರ್ಯಾದಸ್ಥನಾಗಿ ಕಾಣಿಸಿತು. ಅವಳ ತಂಗಿಗೆ ಫೋನು ಮಾಡಿ ಕೇಳಿ ವಿಡಿಯೋ ಹುಡುಕಿ ಒತ್ತಿದೆ.

ಪರದೆಯ ಮೇಲೆ ಹಳದಿ ಬಲ್ಬು, ಸೀರೆ ಕಟ್ಟಿದ ತೊಟ್ಟಿಲು, ಅದನ್ನು ತೂಗುವ ಎರಡು ಬಳೆಗೈ. ಅವ್ವನ ಮುಖವಿಲ್ಲ. ದನಿಯೂ ಇಲ್ಲ.

ಅಂಕಿ ಏರಿಸಿದೆ. ನಲವತ್ತು, ಐವತ್ತು, ಅರವತ್ತು. ತೊಟ್ಟಿಲು ತೂಗುತ್ತಿದೆ, ಸುತ್ತ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದಾರೆ, ಒಂದು ಸದ್ದಿಲ್ಲ. ಎಪ್ಪತ್ತಕ್ಕೆ ಹೋದರೂ ಪೆಟ್ಟಿಗೆ ಮೌನ. ನಮ್ಮ ಹನ್ನೊಂದು ಹಾಡಿನಲ್ಲಿ ಒಂದನ್ನು ಹಾಕಿ ನೋಡಿದೆ. ಮನೆ ನಡುಗುವಂತೆ ತಬಲಾ ಬಂತು. ಮತ್ತೆ ಅವ್ವನದನ್ನು ಹಾಕಿದರೆ ಅದೇ ಮೌನ.

ಶರಣಮ್ಮ ಪರದೆಯನ್ನಲ್ಲ, ಊದಿನಕಡ್ಡಿಯನ್ನು ನೋಡುತ್ತಿದ್ದಳು.

"ಸಿಟ್ಟದರಿ ಆಕಿಗಿ," ಅಂದಳು. "ಮಣ್ಣು ಮಾಡೂ ಹೊತ್ತಿಗೆ ನಾ ಮುಟ್ಟಲಿಲ್ಲ. ನಾ ಹೋಗೂದ್ರಾಗ ಎಲ್ಲಾ ಮುಗಿದಿತ್ತು."

ಮಲ್ಲಪ್ಪ, "ಏ ಹುಚ್ಚಿ, ಮಷಿನ್ ಅದು," ಅಂದ. ಅವನ ದನಿಯಲ್ಲೂ ಅಷ್ಟೇನು ಧೈರ್ಯವಿರಲಿಲ್ಲ.

ಸರೋಜ ತನ್ನ ಫೋನು ತೆಗೆದಳು. "ತಾಳು ಶರಣಮ್ಮ, ಇದ್ರಲ್ಲಿ ಹಾಕ್ತೀನಿ."

"ಬ್ಯಾಡ್ರಕ್ಕಾ. ಕಡ್ಡಿ ಇಲ್ಲಿ ಹಚ್ಚೀನಿ, ಹೋಳಗಿ ಎಡಿ ಇಲ್ಲಿ ಇಟ್ಟೀನಿ. ಹಾಡೂದಿದ್ರ ಇಲ್ಲೇ ಹಾಡಬೇಕಾಕಿ." ಸಂಜೆ ಮತ್ತೆ ಬರುತ್ತೇನೆಂದು ಹೇಳಿ ಹೋದಳು. ತಟ್ಟೆ ಅಲ್ಲೇ ಬಿಟ್ಟಳು.

ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆ. ಇಲಿಯಾಸ್ ಭಾಯಿ ಕೆಟ್ಟ ಮಿಕ್ಸರುಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದ. ಸಂಗತಿ ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ, ಅದು ನನಗೆ ಬೇಸರ ತಂದಿತು.

"ಬೀಚ್ ಕಾ ಡಬ್ಬ ಸಾಬ್," ಅಂದ. "ಆ ಪೆಟ್ಟಿಗೆ ಹಾಡೋರ ದನಿಯೆಲ್ಲ ಬೀಚ್ ಕಾ ಡಬ್ಬಕ್ಕೇ ಕಳಿಸೋದು. ಸೈಡಲ್ಲಿ ಬರೀ ಬಾಜಾ, ತಬಲಾ ಪಿಟೀಲು. ಫೋನಲ್ಲಿ ಹಿಡ್ದಿರೋ ಹಾಡು ಅಂದ್ರೆ ಎಲ್ಲಾ ಒಂದೇ ದನಿ. ಪೂರಾ ಬೀಚ್‌ಗೇ ಹೋಗುತ್ತೆ. ನಿಮ್ಮನೇಲಿ ಬೀಚ್ ಇಲ್ಲ."

ಸೋದರಮಾವ ಎರಡು ತಿಂಗಳಿಂದ ಪಾಯಸವನ್ನೆಲ್ಲ ಯಾರೂ ಕೂರದ ಪಂಕ್ತಿಗೆ ಬಡಿಸುತ್ತಿದ್ದ. ಆ ಪಂಕ್ತಿಯನ್ನು ಎಬ್ಬಿಸಿ ಕಳಿಸಿದವನು ನಾನು. ಜಾಹೀರಾತನ್ನು ಸೋಸಿದ್ದೂ ಪೆಟ್ಟಿಗೆಯಲ್ಲ, ನನ್ನ ಚೌಕಾಸಿ.

"ಆವತ್ತೇ ಹೇಳ್ಬೇಕಿತ್ತು ಭಾಯಿ."

"ಎಲ್ಲಿ ಬಿಟ್ರಿ ಸಾಬ್? ಒಂದು ಗಂಟೆ ನೀವೇ ಮಾತಾಡಿದ್ರಿ."

ಡಬ್ಬ ಕೊಡು, ಕೇಳಿದ ಬೆಲೆ ಕೊಡುತ್ತೇನೆ ಅಂದೆ. ಈ ವಾಕ್ಯ ನನ್ನ ಬಾಯಿಂದ ಹೊರಬಿದ್ದದ್ದು ಜೀವನದಲ್ಲಿ ಅದೇ ಮೊದಲು. ಆದರೆ ಡಬ್ಬ ಹೋಗಿತ್ತು. "ಯಾರೋ ಬಂದು ಅದೊಂದೇ ಬೇಕು ಅಂದ್ರು. ಅವರೂ ಎಲ್ಲೋ ನಾಲ್ಕೇ ತಗೊಂಡಿದ್ರಂತೆ." ನನ್ನಂಥವನು ಊರಲ್ಲಿ ಇನ್ನೊಬ್ಬನಿದ್ದಾನೆ ಎಂಬುದು ಆ ಗಳಿಗೆಯಲ್ಲಿ ಸಮಾಧಾನವೆನಿಸಲಿಲ್ಲ.

ಭಾಯಿ ಚಹಾದ ಲೋಟ ಕೆಳಗಿಟ್ಟ. "ಪೆಟ್ಟಿಗೆ ಮುಂದೆ ಸ್ಟೀರಿಯೋ ಅಂತ ಬಟನ್ ಇದೆ ನೋಡಿ. ಒತ್ತಿ. ಬೀಚ್ ಡಬ್ಬದ ಕೆಲ್ಸ ಸೈಡಿನ ಎರಡು ಹಂಚ್ಕೊಳ್ತಾವೆ. ಅಷ್ಟೇ."

"ಅದಕ್ಕೆ ಎಷ್ಟು?"

"ಬಟನ್ ಒತ್ತೋಕೆ ಏನ್ ಸಾಬ್ ತಗೊಳ್ಳಿ? ಹೋಗಿ, ಅಮ್ಮಂದು ಹಾಡು ಕೇಳ್ಸಿ."

ಪುಕ್ಕಟೆ ಕೊಡುವವನ ಮುಂದೆ ನಾನು ಯಾವಾಗಲೂ ಜೇಬು ಮುಟ್ಟಿ ನೋಡಿಕೊಳ್ಳುವವನು. ಅಂದೂ ಮುಟ್ಟಿ ನೋಡಿಕೊಂಡೆ. ಎಲ್ಲವೂ ಇತ್ತು. ಅವನಿಂದ ನನಗೆ ಬೇಡದ ಒಂದು ಟಾರ್ಚು ಕೊಂಡು, ಬೆಲೆ ಕೇಳದೆ ಕೊಟ್ಟು ಬಂದೆ.

ಸಂಜೆ ಐದಕ್ಕೆ ಶರಣಮ್ಮ ಬಂದಳು, ಹೊಸ ಊದಿನಕಡ್ಡಿ ಹಚ್ಚಿದಳು. ನಾನು ಗುಂಡಿ ಒತ್ತಿ ವಿಡಿಯೋ ಹಾಕಿದೆ. ಬೆಳಿಗ್ಗೆ ಏರಿಸಿದ ಎಪ್ಪತ್ತು ಹಾಗೆಯೇ ಇತ್ತು ಎಂಬುದು ನೆನಪಾದದ್ದು ಷೋಕೇಸಿನ ಗಾಜು ಗಡಗಡಿಸಿದಾಗ. ಒಬ್ಬ ಹೆಂಗಸಿನ ದನಿ ನಾಲ್ಕು ಗೋಡೆಗೂ ಅಪ್ಪಳಿಸಿತು. ಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ನಾನು ಗೆದ್ದವನಂತೆ ತಿರುಗಿ ನೋಡಿದರೆ ಶರಣಮ್ಮ ಎರಡು ಕೈಯನ್ನೂ ಅಡ್ಡ ಹಿಡಿದಿದ್ದಳು.

"ಸಣ್ಣ ಮಾಡ್ರಿ, ಸಣ್ಣ ಮಾಡ್ರಿ! ನಮ್ಮವ್ವ ಹಿಂಗ ಒದರಾಕಿ ಅಲ್ರಿ!"

ಅರವತ್ತಕ್ಕೆ ತಂದೆ. "ಇನ್ನಾ," ಅಂದಳು. ಐವತ್ತು. "ಇನ್ನಾ ರಿ." ನಲವತ್ತಕ್ಕೆ ನಾನು ನಿಂತೆ; ಅದಕ್ಕಿಂತ ಕೆಳಗೆ ಇಂಥ ಪೆಟ್ಟಿಗೆ ಯಾಕೆ ಬೇಕು ಎಂದು ನನ್ನ ಅಭಿಪ್ರಾಯ.

"ಆಕಿ ಹಾಡ್ತಿದ್ದಿದ್ದು ತೊಟ್ಟಲದಾಗಿನ ಕೂಸಿಗ್ರಿ. ಮಂದಿಗಲ್ಲ."

ಮೂವತ್ತು. ಇಪ್ಪತ್ತೆಂಟು. ಇಪ್ಪತ್ತಾರಕ್ಕೆ ಅವಳು ಕೈ ಕೆಳಗಿಳಿಸಿದಳು. "ಹಾಂ. ಇಷ್ಟ."

ವಿಡಿಯೋವನ್ನು ಮೊದಲಿನಿಂದ ಹಾಕಿದೆ. ಒಂದು ದನಿ ಎಷ್ಟಿರಬೇಕು ಎಂಬುದನ್ನು ಪೆಟ್ಟಿಗೆ ಕೊಂಡವನು ಹೇಳಲಾರ. ಆ ದನಿಯಲ್ಲಿ ನಿದ್ದೆ ಹೋದವರಿಗೆ ಗೊತ್ತಿರುತ್ತದೆ. ಆದರೆ ಇಪ್ಪತ್ತಾರರಲ್ಲಿ ನಮ್ಮ ಬೀದಿ ಅದಕ್ಕಿಂತ ಜೋರಾಗಿತ್ತು. ಸರೋಜ ಎದ್ದು ಫ್ಯಾನು ನಿಲ್ಲಿಸಿದಳು, ಕುಕ್ಕರಿನ ಕೆಳಗಿನ ಒಲೆ ಆರಿಸಿದಳು. ನಾನು ರಸ್ತೆ ಕಡೆಯ ಕಿಟಕಿ ಮುಚ್ಚಿದೆ. ಮಲ್ಲಪ್ಪ ಬಾಗಿಲು ಹಾಕಿ ಅದಕ್ಕೆ ಒರಗಿ ಕೂತ. ಆಗ ಅವ್ವನ ದನಿ ಸರಿಯಾಗಿ ಕೇಳಿಸಿತು. ಸ್ವಲ್ಪ ಒಡೆದ, ಅವಸರವಿಲ್ಲದ ದನಿ. ನಡುನಡುವೆ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿಸುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅರ್ಧಕ್ಕೆ ನಿಂತಿದ್ದ ಜಾಗ ದಾಟಿತು ಎಂದು ಕಾಣುತ್ತದೆ, ಶರಣಮ್ಮ ಒಮ್ಮೆ ತಲೆ ಎತ್ತಿದಳು.

"ಸಿಟ್ಟಿಲ್ಲ ಬಿಡ್ರಿ ಆಕಿಗಿ," ಅಂದಳು.

ಸಿಟ್ಟಿನ ಪ್ರಶ್ನೆಯಲ್ಲ, ಇದು ನಡುವಿನ ಡಬ್ಬದ ಪ್ರಶ್ನೆ ಎಂದು ಅವಳಿಗೆ ತಿಳಿಸಿ ಹೇಳಲು ನಾನು ಬಾಯಿ ತೆರೆದೆ. ಸರೋಜ ನನ್ನ ಕಡೆ ನೋಡಿದಳು. ಮುಚ್ಚಿದೆ.

ಹಾಡು ಇನ್ನೂ ಮೂರು ನಿಮಿಷವಿತ್ತು.