ಸರಕಾರದ ದೋಣಿಗೆ ಮಮ್ಮಾಲಿಯ ಎಣ್ಣೆ

ಶಿರಿಯ ಹೊಳೆಯಲ್ಲಿ ಮಮ್ಮಾಲಿ ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಮೀನು ಹಿಡಿದಿದ್ದ, ಮರುವಾಯಿ ಚಿಪ್ಪು ಹೆಕ್ಕಿದ್ದ. 2014ರ ಬೇಸಿಗೆಯಲ್ಲಿ ಮರಳು ತೆಗೆಯುವ ಪಾಸ್ ಇಲ್ಲದೆ ಹೊಯಿಗೆ ತುಂಬಿಸಿಕೊಂಡು ಬರುವಾಗ ಸಿಕ್ಕಿಬಿದ್ದ. ಪೊಲೀಸರು ದೋಣಿಯನ್ನು ಹಿಡಿದಿಟ್ಟರು. ಹಿಡಿದಿಟ್ಟದ್ದು ಎಂದಾದರೂ ವಾಪಸು ಬಂದೀತು ಎಂಬ ಆಸೆ ಅವನಿಗಿತ್ತು. ಆರು ತಿಂಗಳ ಮೇಲೆ ಬಂದ ಕಾಗದವನ್ನು ವಿಲೇಜ್ ಆಫೀಸಿನ ಸೌದಾಮಿನಿ ಓದಿ ಹೇಳಿದಳು.

"ಮುಟ್ಟುಗೋಲು ಆಗಿದೆ ಮಮ್ಮಾಲಿಚ್ಚ. ಇನ್ನು ಅದು ಸರಕಾರದ್ದು."

"ತಪ್ಪು ಮಾಡಿದ್ದು ಹೌದು. ಆದರೆ ಇನ್ನು ಯಾವತ್ತಿಗೂ ನನ್ನದಲ್ಲವಾ?"

"ಯಾವತ್ತಿಗೂ ಅಲ್ಲ."

ದೋಣಿ ಠಾಣೆಯ ಅಂಗಳದಲ್ಲೇ ಮಣ್ಣಾಗಿದ್ದರೆ ಅವನು ಹೇಗೋ ಮರೆಯುತ್ತಿದ್ದ. ಆದರೆ ಮುಂದಿನ ಮಳೆಗೆ ಹೊಳೆ ದಾಟುವ ಕಾಲುಸಂಕ ಮುರಿಯಿತು. ಪಂಚಾಯತಿನವರು ಆ ದೋಣಿಯನ್ನೇ ಕೇಳಿ ತಂದು ದೋಣಿ ಹತ್ತುವ ಕಡವಿಗೆ ಇಳಿಸಿ, ಜನರನ್ನು ದಾಟಿಸಲು ಜನಾರ್ದನನನ್ನು ನೇಮಿಸಿದರು.

ಮಮ್ಮಾಲಿಯ ಹೊಟ್ಟೆಯುರಿ ಶುರುವಾದದ್ದು ಅಂದಿನಿಂದ. ಅವನು ದಿನವೂ ದಂಡೆಯಲ್ಲಿ ಕೂತು ನೋಡುತ್ತಿದ್ದ. ಜನಾರ್ದನ ದೋಣಿಯನ್ನು ಕಲ್ಲಿಗೆ ತಾಗಿಸಿದರೆ ಇವನ ಪಕ್ಕೆಲುಬು ನೋಯುತ್ತಿತ್ತು. ತಾಗಿಸದೆ ಹಗುರವಾಗಿ ತಂದು ನಿಲ್ಲಿಸಿದರೆ ಇನ್ನೂ ಹೆಚ್ಚು ನೋಯುತ್ತಿತ್ತು.

ಒಂದು ದಿನ ಹೆಂಡತಿ ಜೈನಬಾ ಅದರಲ್ಲೇ ಆಚೆದಡದ ಮಗಳ ಮನೆಗೆ ಹೋಗಿ ಬಂದಳು.

"ನಾಚಿಕೆ ಇಲ್ಲವಾ ನಿನಗೆ, ಅವನ ದೋಣಿಯಲ್ಲಿ ಕೂರ್ಲಿಕ್ಕೆ?"

"ಮತ್ತೆಂತ, ಈಜಿಕೊಂಡು ಹೋಗಬೇಕಿತ್ತಾ? 'ಜಾಗ್ರತೆ, ನಿಧಾನ ಇಳಿ' ಅಂತ ಈ ಮೂವತ್ತು ವರ್ಷದಲ್ಲಿ ನೀವು ಒಮ್ಮೆಯಾದರೂ ಹೇಳಿದ್ದುಂಟಾ? ಆ ಜನಾರ್ದನ ಹೇಳ್ತಾನೆ."

ಅಂದು ಮಮ್ಮಾಲಿಗೆ ಮೀನು ಸಾರು ರುಚಿಸಲಿಲ್ಲ.

ಮರುವರ್ಷ ದೋಣಿ ಸೋರತೊಡಗಿತು. ಮಮ್ಮಾಲಿಗೆ ಖುಷಿಯೋ ಖುಷಿ. ಹಲಗೆಯ ಸಂದಿಗಳಿಗೆ ವರ್ಷಕ್ಕೊಮ್ಮೆ ಎಣ್ಣೆ ಕುಡಿಸಬೇಕೆಂದು ಸರಕಾರಕ್ಕೆ ಎಲ್ಲಿ ಗೊತ್ತು! ಜನಾರ್ದನ ಟಾರು ಬಳಿದು ನೋಡಿದ, ಆಗಲಿಲ್ಲ. ಕೊನೆಗೆ ಮಮ್ಮಾಲಿಯ ಜಗಲಿಗೇ ಬಂದ.

"ಎಂತ ಮಾಡುವುದು ಹೇಳಿ ಮಮ್ಮಾಲಿಚ್ಚ. ಸೋಮವಾರದೊಳಗೆ ಸರಿಯಾಗದಿದ್ದರೆ ಒಡೆದು ಸೌದೆ ಮಾಡ್ತಾರಂತೆ. ಫೈಬರ್ ದೋಣಿ ತರ್ತಾರಂತೆ."

"ಒಡೀಲಿ. ನನ್ನದಾ ಅದು?"

"ನಿಮ್ಮದಲ್ಲ. ನನ್ನದೂ ಅಲ್ಲ ಮಾರಾಯ್ರೆ," ಎಂದು ಜನಾರ್ದನ ಎದ್ದು ಹೋದ.

ದೋಣಿಯನ್ನು ಇನ್ನೊಬ್ಬ ನಡೆಸುವುದನ್ನು ಹೇಗೋ ನೋಡಬಹುದು, ಆದರೆ ಅದು ಯಾರದೋ ಒಲೆಗೆ ಹೋಗುವುದನ್ನು ನೋಡಲಾಗದು ಎಂದು ಮಮ್ಮಾಲಿಗೆ ಎನಿಸಿತು. ಬೆಳಿಗ್ಗೆ ಬೂತಾಯಿ ಮೀನಿನ ಎಣ್ಣೆ, ಹತ್ತಿ, ಒಂದು ಹಳೆಯ ಪಾತ್ರೆ, ಮತ್ತೆ ಯಾರಿಗೂ ತೋರಿಸದ ಎರಡು ಪೊಟ್ಟಣ ಹಿಡಿದುಕೊಂಡು ಕಡವಿಗೆ ಹೋದ. ದೋಣಿಯನ್ನು ಮಗುಚಿ ಹಾಕಿ ಟಾರನ್ನೆಲ್ಲ ಕೆರೆದ. ಎಣ್ಣೆ ಕಾಯಿಸುವಾಗ ಜನಾರ್ದನ ಬಗ್ಗಿ ನೋಡಿದ.

"ನೀನು ಹೋಗಿ ಚಾ ಕುಡಿದು ಬಾ."

"ಕುಡಿದಾಯ್ತು."

"ಹಾಗಾದರೆ ಇನ್ನೊಂದು ಕುಡಿ."

ಭಾನುವಾರ ಸಂಜೆ ದೋಣಿಯನ್ನು ನೀರಿಗಿಳಿಸಿದರು. ಜನಾರ್ದನ ನಡುಹೊಳೆಯವರೆಗೆ ಹೋಗಿ ಬಂದ. ಒಂದು ತೊಟ್ಟು ನೀರೂ ಒಳಗೆ ಬಂದಿರಲಿಲ್ಲ.

"ಇನ್ನು ಒಡೆಯುವ ಮಾತಿಲ್ಲ," ಎಂದು ನಕ್ಕ. "ಎಣ್ಣೆಗೆ ಎಂತೆಲ್ಲ ಹಾಕಿದ್ರಿ? ಬರುವ ವರ್ಷ ನಾನೇ ಹಚ್ಚುತ್ತೇನೆ."

ಮಮ್ಮಾಲಿ ಪಾತ್ರೆಯನ್ನು ಹೊಯಿಗೆ ಹಾಕಿ ತಿಕ್ಕಿ ತೊಳೆದ, ಮೂಸಿ ನೋಡಿ ಮತ್ತೊಮ್ಮೆ ತೊಳೆದ.

"ಬರುವ ವರ್ಷ ನನ್ನನ್ನು ಕರಿ," ಎಂದ.