ಹೋದ ವರ್ಷದ ಶೂ

ಪಾರ್ಕಿನ ಪುಟ್ಟ ಮಕ್ಕಳ ರೈಲಿನ ಮುಂದೆ ಒಂದು ಮರದ ಜಿರಾಫೆ ನಿಂತಿತ್ತು. ಅದರ ಕತ್ತಿನ ಉದ್ದಕ್ಕೂ ಸೆಂಟಿಮೀಟರ್ ಗೆರೆಗಳು, ತೊಂಬತ್ತರ ಮೇಲೆ ಒಂದು ಕೆಂಪು ಪಟ್ಟಿ. ಜಿರಾಫೆಯ ಪಕ್ಕ ಹರಿದ ಛತ್ರಿಯ ಕೆಳಗೆ ನಿಲ್ಲುತ್ತಿದ್ದ ಹೆಂಗಸನ್ನು ಅಲ್ಲಿ ಎಲ್ಲರೂ ಸ್ಕೇಲಮ್ಮ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದರು ಅಷ್ಟೇ. ಎದುರಿಗೆ ಅನ್ನುವ ಧೈರ್ಯ ಮ್ಯಾನೇಜರಿಗೂ ಇರಲಿಲ್ಲ.

ತೊಂಬತ್ತಕ್ಕಿಂತ ಕಮ್ಮಿ ಇರುವ ಮಗುವಿಗೆ ಗೇಟಿನಲ್ಲಿ ಟಿಕೆಟ್ ಬೇಡ. ತೊಂಬತ್ತಕ್ಕಿಂತ ಕಮ್ಮಿ ಇರುವ ಮಗುವನ್ನು ರೈಲಿಗೆ ಹತ್ತಿಸುವಂತೆಯೂ ಇಲ್ಲ. ಈ ಎರಡು ನಿಯಮಗಳ ನಡುವೆ ಜನ ಎಷ್ಟು ಸುಳ್ಳು ಹೇಳಬಲ್ಲರು ಎಂದು ಸ್ಕೇಲಮ್ಮ ಹನ್ನೊಂದು ವರ್ಷದಿಂದ ನೋಡುತ್ತಾ ಬಂದಿದ್ದಳು. ಗೇಟಿನಲ್ಲಿ ಅಪ್ಪನ ಹೆಗಲಿಗೆ ಅಂಟಿಕೊಂಡು "ಇನ್ನೂ ಕೂಸು ಸಾರ್, ಮಲಗಿದೆ" ಅನ್ನಿಸಿಕೊಂಡ ಮಗು, ಇನ್ನೂರು ಹೆಜ್ಜೆ ದಾಟಿ ರೈಲಿಗೆ ಬರುವಷ್ಟರಲ್ಲಿ ನಾಲ್ಕು ಬೆರಳು ಬೆಳೆದಿರಬೇಕು! ಅದಕ್ಕೆ ನೆತ್ತಿಯ ಮೇಲೆ ಜುಟ್ಟು, ಶೂ ಒಳಗೆ ಕರ್ಚೀಫು, ಹಿಂದಿನಿಂದ ಅಮ್ಮ ಕಂಕುಳಿಗೆ ಕೈ ಕೊಟ್ಟು ಮೇಲೆತ್ತುವುದು. ಸ್ಕೇಲಮ್ಮ ಮಾತಾಡುತ್ತಿರಲಿಲ್ಲ. ಶೂ ಬಿಚ್ಚುತ್ತಿದ್ದಳು, ಜುಟ್ಟಿನ ಮೇಲೆ ಹಲಗೆ ಒತ್ತುತ್ತಿದ್ದಳು, ಕಮ್ಮಿಯಾದರೆ ಕೈ ತೋರಿಸಿ ಹೊರಗೆ ಕಳಿಸುತ್ತಿದ್ದಳು.

ಬೇಸಿಗೆ ರಜೆ ಬಂತೆಂದರೆ ಇದೆಲ್ಲ ಹತ್ತು ಪಟ್ಟು. ಕಬ್ಬಿಣದ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು, ನೀರು ಚಿಮುಕಿಸುವ ಫ್ಯಾನು ಕೆಟ್ಟು ಎರಡು ವಾರವಾಗಿತ್ತು, ಸಾಲಿನಲ್ಲಿ ಒಂದು ಗಂಟೆ ಬೆಂದು ಬಂದ ಅಪ್ಪಂದಿರಿಗೆ ಶತ್ರು ಸೂರ್ಯನಲ್ಲ, ಸ್ಕೇಲಮ್ಮ. ಅವಳಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನೆಟ್ಟಗೆ ಮಾತು ಬಾರದ ಕೂಸುಗಳನ್ನು ಈ ಉರಿಬಿಸಿಲಿಗೆ ಎಳೆದು ತಂದು, ಅವು ಕಿರುಚಿದರೆ "ಎಂಜಾಯ್ ಮಾಡೋ" ಎಂದು ಗದರುವ ಜನ ಅವಳ ಪಾಲಿಗೆ ತಲೆಕೆಟ್ಟವರು.

ಇದಕ್ಕೆ ಮುಂಚೆ ಅವಳು ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಟೇಪು ಹಿಡಿಯುವ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಮಗನನ್ನು ಸಾಕಿದ್ದು ಆ ಟೇಪಿನಿಂದಲೇ. "ಬೆಳೆಯೋ ಮಗು, ಎರಡು ಬೆರಳು ಮಡಿಕೆ ಜಾಸ್ತಿ ಇಡಿ" ಎಂದು ಅಮ್ಮಂದಿರು ಹೇಳಿಯೇ ಹೇಳುತ್ತಿದ್ದರು, ಮುಂದಿನ ವರ್ಷ ಮಡಿಕೆ ಬಿಚ್ಚಿಸಲು ಬರುತ್ತಿದ್ದರು. ಒಬ್ಬ ಹುಡುಗಿಯ ಅಮ್ಮ ಮಾತ್ರ ಎರಡು ವರ್ಷ ಬರಲೇ ಇಲ್ಲ. ದಾರಿಯಲ್ಲಿ ಸಿಕ್ಕಾಗ, ನಿಮ್ಮ ಅಂಗಡಿಯ ಲಂಗ ಎಷ್ಟು ಚೆನ್ನಾಗಿ ಬಾಳಿಕೆ ಬಂತು ಎಂದು ಹೊಗಳಿದಳು. ಸ್ಕೇಲಮ್ಮನೂ ಉಬ್ಬಿಹೋದಳು. ಮೂರನೇ ವರ್ಷ ಅದೇ ಅಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತಳು. ಮಗು ಬೆಳೆಯುತ್ತಿಲ್ಲ ಅಂತ ಇಷ್ಟು ದಿನ ಯಾರಿಗೂ ಕಾಣಲಿಲ್ಲವಾ ಎಂದು ಡಾಕ್ಟರು ಬೈದರಂತೆ. ಆ ಮಾತು ಅಮ್ಮನಿಗಿಂತ ಸ್ಕೇಲಮ್ಮನಿಗೇ ಜಾಸ್ತಿ ನಾಟಿತು.

ಅದೇ ನೋವಿನಿಂದಲೋ ಏನೋ, ಸೊಸೆ ಹೆತ್ತಾಗ ಅವಳು ಮೂಗು ತೂರಿಸಿದ್ದು. ಮೊಮ್ಮಗನಿಗೆ ಮೂರು ತಿಂಗಳಿದ್ದಾಗ, ನೆಂಟರ ಮುಂದೆಯೇ, "ಮಗು ಸೊರಗಿದೆ, ನಿನ್ನ ಹಾಲು ಸಾಲ್ತಿಲ್ಲ" ಅಂದುಬಿಟ್ಟಳು. ಸೊಸೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಇಡೀ ದಿನ ಬೇರೆಯವರ ತಪ್ಪು ಹುಡುಕುವ ಕೆಲಸ, ತನ್ನ ತಪ್ಪು ಯಾರಾದರೂ ತೋರಿಸಿದರೆ ಮೈಯೆಲ್ಲ ಉರಿ. ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ತೂಕ ನೋಡಿ ನಕ್ಕು ಕಳಿಸಿದರು. ತಿಂಗಳೊಳಗೆ ಗಂಡ ಹೆಂಡತಿ ಬೇರೆ ಮನೆ ಮಾಡಿದರು. ವರ್ಷ ತುಂಬುವಷ್ಟರಲ್ಲಿ ಮಗು ದುಂಡಗಾಯಿತು, ಸೊಸೆ ಅದನ್ನು ಗುಂಡ ಎಂದು ಕರೆಯತೊಡಗಿದಳು. ಅತ್ತೆಯ ಬಾಯಿ ಮುಚ್ಚಿಸಲೆಂದೇ ಇಟ್ಟ ಹೆಸರು ಅದು.

ಆಮೇಲೆ ಅಜ್ಜಿ ಮೊಮ್ಮಗ ಒಬ್ಬರನ್ನೊಬ್ಬರು ನೋಡುತ್ತಿದ್ದುದು ವರ್ಷಕ್ಕೊಂದು ಸಲ. ಕೆಲಸದವರ ಮನೆಯವರಿಗೆ ಪಾರ್ಕು ಒಂದು ದಿನದ ಪಾಸು ಕೊಡುತ್ತಿತ್ತು, ಅದೂ ರಜೆಯ ನಟ್ಟನಡುವೆ, ಕಾಲಿಡಲು ಜಾಗವಿಲ್ಲದ ದಿನ. ಸೊಸೆ ಬರುತ್ತಿದ್ದುದು ಪಾಸಿಗಾಗಿ. ಸ್ಕೇಲಮ್ಮ ಹನ್ನೆರಡು ತಿಂಗಳು ಕಾಯುತ್ತಿದ್ದುದು ಆ ದಿನಕ್ಕಾಗಿ. ಇದು ಇಬ್ಬರಿಗೂ ಗೊತ್ತಿತ್ತು, ಒಬ್ಬರೂ ಬಾಯಿಬಿಡುತ್ತಿರಲಿಲ್ಲ.

ಆ ಸಲ ಅವರು ಬಂದಾಗ ನೆತ್ತಿ ಸುಡುವ ಹೊತ್ತು. ಮಗನ ಕತ್ತಿನಲ್ಲಿ ಎರಡು ನೀರಿನ ಬಾಟಲಿ, ಕಂಕುಳಲ್ಲಿ ಗುಂಡ. ಮೂರು ತುಂಬಿದ ಗುಂಡ ಬೆವರಿಗೂ ಐಸ್‌ಕ್ಯಾಂಡಿಗೂ ಅಂಟಂಟಾಗಿ, ಮುಖ ಕೆಂಪು ಮಾಡಿಕೊಂಡು, ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟಾಗಿದ್ದ. ಕೆಳಗಿಳಿಸಿದಾಗ ಸ್ಕೇಲಮ್ಮನಿಗೆ ಮೊದಲು ಕಂಡದ್ದು ಅವನ ಕಾಲು. ನೀಲಿ ಶೂ, ಪಕ್ಕದಲ್ಲೊಂದು ಬಿಳಿ ನಕ್ಷತ್ರ. ಹೋದ ವರ್ಷ ಇದೇ ಪಾರ್ಕಿನ ಅಂಗಡಿಯಲ್ಲಿ ಅವಳೇ ಕೊಡಿಸಿದ್ದು. ಬಿಸಾಡಿಲ್ಲ, ಇನ್ನೂ ಹಾಕುತ್ತಿದ್ದಾರಲ್ಲ ಎಂದು ಹಿಗ್ಗಿದಳು. ಆ ಹಿಗ್ಗು ಎರಡು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಈ ವಯಸ್ಸಿನ ಮಗುವಿಗೆ ಒಂದು ಜೊತೆ ಶೂ ನಾಲ್ಕು ತಿಂಗಳು ಬಂದರೆ ಹೆಚ್ಚು.

"ಜಿರಾಫೆ ಹತ್ರ ನಿಂತ್ಕೊ ಗುಂಡ. ಅಜ್ಜಿ ರೈಲಿಗೆ ಹತ್ತಿಸ್ತಾರೆ," ಅಂದಳು ಸೊಸೆ. ಅತ್ತೆಯ ಮುಖ ನೋಡಲಿಲ್ಲ.

ಸ್ಕೇಲಮ್ಮ ಬಗ್ಗಿ ಎಲ್ಲ ಮಕ್ಕಳಿಗೆ ಮಾಡುವಂತೆ ಶೂ ಬಿಚ್ಚಿದಳು. ಒಳಗಿನಿಂದ ಮೂರು ಪದರ ರಟ್ಟು ಜಾರಿ ಬಿತ್ತು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. "ಮನೆಯವರದ್ದೇ ಈ ಕಥೆ! ನಮ್ಮನ್ನ ಬಿಡಿ ಹಂಗಾದ್ರೆ," ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಜುಟ್ಟಿನ ಮೇಲೆ ಹಲಗೆ ಒತ್ತಿ ನೋಡಿದಳು. ಎಂಬತ್ತಾರೂವರೆ.

"ಅಮ್ಮಾ, ಒಂದ್ಸಲ ಬಿಟ್ಬಿಡಮ್ಮ. ಮಗು ಬೆಳಗ್ಗೆಯಿಂದ ರೈಲು ರೈಲು ಅಂತಿದೆ," ಅಂದ ಮಗ.

ಅವಳು ಅವನ ಕಡೆ ತಿರುಗಲಿಲ್ಲ. "ಹೋದ ವರ್ಷ ಎಂಬತ್ತಾರಿದ್ದ," ಎಂದಳು ಸೊಸೆಗೆ. "ಒಂದು ವರ್ಷಕ್ಕೆ ಅರ್ಧ ಸೆಂಟಿಮೀಟರು. ಡಾಕ್ಟರಿಗೆ ತೋರಿಸು."

"ಶುರುವಾಯ್ತು," ಅಂದಳು ಸೊಸೆ. "ಆವತ್ತು ನೆಂಟರ ಮುಂದೆ, ಇವತ್ತು ಊರ ಮುಂದೆ. ನನ್ನ ಮಗು ನಿಮ್ಮ ಕಣ್ಣಿಗೆ ಯಾವತ್ತು ಸರಿಯಾಗಿತ್ತು ಅತ್ತೆ?"

"ಆವತ್ತು ನಂದು ತಪ್ಪು. ಇವತ್ತಲ್ಲ."

"ಅಮ್ಮಾ, ಎಲ್ಲರೂ ನೋಡ್ತಿದ್ದಾರೆ," ಅಂದ ಮಗ. ಅವನಿಗೆ ಯಾವಾಗಲೂ ಅದೇ ಚಿಂತೆ.

"ಮೂರು ತಿಂಗಳ ಬಾಣಂತಿನ ಅಳಿಸಿದ್ರಲ್ಲ, ಸಾಕಾಗಲಿಲ್ವಾ? ನಿಮ್ಮ ಜಿರಾಫೆ, ನಿಮ್ಮ ರೈಲು, ನೀವೇ ಇಟ್ಕೊಳ್ಳಿ!"

ಸ್ಕೇಲಮ್ಮ ಆ ರಟ್ಟನ್ನು ಎತ್ತಿ ಸೊಸೆಯ ಮುಖಕ್ಕೆ ಹಿಡಿದಳು. "ನನ್ನ ಬೈಯೋದು ಆಮೇಲೆ ಬೈ. ಹೋದ ವರ್ಷದ ಶೂ ಇದು. ಇದರೊಳಗೆ ರಟ್ಟು ಇಡೋಕೆ ಜಾಗ ಎಲ್ಲಿಂದ ಬಂತು?"

ಸೊಸೆ ರಟ್ಟನ್ನು ಕಿತ್ತು ನೆಲಕ್ಕೆ ಬಿಸಾಡಿ, ಅಳುವ ಗುಂಡನನ್ನು ಬರಿಗಾಲಲ್ಲೇ ಎತ್ತಿಕೊಂಡು ಹೋದಳು. ಮಗ ಶೂ ಹೆಕ್ಕಿಕೊಂಡು ಹಿಂದೆ ಓಡಿದ. ಇನ್ನು ಪಾಸು ಕೊಟ್ಟರೂ ಅವರು ಬರುವುದಿಲ್ಲ ಎಂದು ಸ್ಕೇಲಮ್ಮನಿಗೆ ಗೊತ್ತಾಯಿತು. ಆದರೂ ಹೇಳಿದ್ದಕ್ಕೆ ಅವಳು ನೊಂದುಕೊಳ್ಳಲಿಲ್ಲ. ಲಂಗದ ಹುಡುಗಿಯ ಅಮ್ಮನಿಗೆ ಹೇಳದೆ ಉಳಿದದ್ದಕ್ಕೆ ನೊಂದುಕೊಂಡದ್ದೇ ಸಾಕಾಗಿತ್ತು. ಸೊಸೆ ಡಾಕ್ಟರ ಹತ್ತಿರ ಹೋಗುತ್ತಾಳೋ ಇಲ್ಲವೋ, ಅದೊಂದೇ ಅವಳ ಎದೆಯಲ್ಲಿ ಕುದಿಯುತ್ತಿತ್ತು. ತನ್ನ ಮೇಲಿನ ಹಠಕ್ಕೇ ಅವಳು ಹೋಗದಿದ್ದರೆ?

ಮೂರು ಗಂಟೆಗೆ ಸೂಪರ್‌ವೈಸರ್ ಹಲ್ಲು ಕಿರಿಯುತ್ತಾ ಬಂದ. "ನಿಮ್ಮ ಮೇಲೆ ದೂರು ಬಂದಿದೆ ಅಮ್ಮ. ಕೊಟ್ಟಿದ್ದು ನಿಮ್ಮ ಸೊಸೆನೇ." ನಾಳೆಯಿಂದ ಪಾರ್ಕಿಂಗ್‌ನಲ್ಲಿ ಚೀಟಿ ಹರಿಯುವ ಕೆಲಸವಂತೆ. ಅವಳು ಹೂಂ ಅಂದು ಮುಂದಿನ ಮಗುವಿನ ಶೂ ಬಿಚ್ಚಿದಳು.

ಸಂಜೆ ರೈಲು ನಿಂತಿತು, ಸಾಲು ಕರಗಿತು. ಜಿರಾಫೆಗೆ ಟಾರ್ಪಾಲು ಹೊದಿಸಲು ಹೊರಟಾಗ ಖಾಲಿ ಕಂಬಿಗಳ ನಡುವೆ ಸೊಸೆ ಒಬ್ಬಳೇ ಬರುವುದು ಕಂಡಿತು, ಸೊಂಟದ ಮೇಲೆ ಗುಂಡ. ಅವಳ ಕಣ್ಣು ಊದಿತ್ತು, ದನಿ ಮಾತ್ರ ಮಧ್ಯಾಹ್ನದ್ದೇ.

"ನಿಮ್ಮ ಬಾಯಿ ಮುಚ್ಚಿಸೋಣ ಅಂತ ಅಂಗಡಿಗೆ ಹೋದೆ. ಒಂದು ಸೈಜ್ ದೊಡ್ಡ ಶೂ ಕೊಡಪ್ಪಾ ಅಂದೆ. ಹಾಕಿ ನಾಲ್ಕು ಹೆಜ್ಜೆ ನಡೆಸಿದೆ. ಕಾಲಿಂದ ಕಳಚಿ ಬಿತ್ತು. ಅಂಗಡಿಯವನು ಹೋದ ವರ್ಷದ ನಂಬರೇ ಕೊಟ್ಟ."

ಸ್ಕೇಲಮ್ಮ ಟಾರ್ಪಾಲನ್ನು ಮಡಿಸಿ ಪಕ್ಕಕ್ಕಿಟ್ಟಳು. ಮಾತಾಡಿದರೆ ಕೆಡುತ್ತದೆ ಎಂಬಷ್ಟು ಬುದ್ಧಿ ಈಗ ಬಂದಿತ್ತು.

ಸೊಸೆ ಮಗುವನ್ನು ಇಳಿಸಿ, ಮೊಣಕಾಲೂರಿ, ಬೆಳಗ್ಗೆ ತಾನೇ ಎತ್ತಿ ಕಟ್ಟಿದ ಜುಟ್ಟನ್ನು ಬಿಚ್ಚಿದಳು. ಬೆರಳಿನಿಂದ ಕೂದಲನ್ನು ನೆತ್ತಿಗೆ ಅಂಟುವಂತೆ ಸವರಿದಳು. ಬರಿಗಾಲನ್ನು ಜೋಡಿಸಿ ಜಿರಾಫೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದಳು. "ಸರಿಯಾಗಿ ಅಳೀರಿ. ಎರಡೂ ವರ್ಷದ್ದು ಬರೆದುಕೊಡಿ, ಬೆಳಗ್ಗೆನೇ ಡಾಕ್ಟರ ಹತ್ರ ಹೋಗ್ತೀನಿ. ನಿಮ್ಮನ್ನ ಕ್ಷಮಿಸಿದೆ ಅಂತ ಅಂದ್ಕೋಬೇಡಿ."

ಸ್ಕೇಲಮ್ಮ ಹಲಗೆಯನ್ನು ಮೆಲ್ಲಗೆ ಇಳಿಸಿದಳು. ತುದಿಗಾಲಲ್ಲಿ ನಿಂತ ಎಷ್ಟು ಸಾವಿರ ಮಕ್ಕಳನ್ನು ಹೆಗಲು ಒತ್ತಿ ಕೆಳಗಿಳಿಸಿದ್ದಳೋ ಲೆಕ್ಕವಿಲ್ಲ. ಈ ಮಗು ಒಂಚೂರು ಹಿಮ್ಮಡಿ ಎತ್ತಲಿ ಎಂದು ಅವಳಿಗೆ ಆಸೆಯಾಯಿತು. ಗುಂಡ ನೆಟ್ಟಗೆ, ಅಲ್ಲಾಡದೆ, ಅಜ್ಜಿಯನ್ನೇ ನೋಡುತ್ತಾ ನಿಂತಿದ್ದ.

"ಎಂಬತ್ತಾರು," ಎಂದಳು.