ಆವಿಗೆಯಲ್ಲಿ ಸುಟ್ಟ ಜೋಡೆತ್ತು

ಶಾಬುದ್ದೀನನ ಮುಂದೆ ಅವನ ಹುಟ್ಟೂರು ಗರಗದ ಮಾತು ತೆಗೆಯಬಾರದು. ತೆಗೆದರೆ ಮೊದಲು ಬೈಗುಳ, ಆಮೇಲೆ ಹೊಗಳಿಕೆ, ಎರಡಕ್ಕೂ ಕೊನೆಯಿರುತ್ತಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಅವನ ಜೊತೆ ದುಡಿಯುವವರಿಗೆಲ್ಲ ಅದು ಬಾಯಿಪಾಠವಾಗಿತ್ತು. ಹೆಂಡತಿ ಕರೀಮಾಬಿಯಂತೂ, "ಇವರ ಊರಿನ ಮಾತಂದ್ರ, ಎತ್ತು ಏರಿಗೆಳದ್ರ ಕೋಣ ನೀರಿಗೆಳೀತಂತ," ಎಂದು ನಕ್ಕು ಒಲೆಯ ಕಡೆ ತಿರುಗುತ್ತಿದ್ದಳು.

ಬೈಯಲು ಕಾರಣವಿತ್ತು. ಅವನ ಅಪ್ಪ ಗರಗದಲ್ಲಿ ಗಾದಿಗೆ ಅರಳೆ ಹಿಂಜಿ ಕೊಡುತ್ತಿದ್ದ ಪಿಂಜಾರ. ಕೆಲಸ ಕಡಿಮೆಯಾಗುತ್ತ ಬಂದು, ಒಂದು ದಿನ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಚಕ್ಕಡಿ ಹತ್ತಿದರು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. "ಇರ್ರಿ" ಎಂದು ಬಾಯಿಮಾತಿಗೂ ಒಬ್ಬರು ಅನ್ನಲಿಲ್ಲ. ಹುಡುಗನ ಮನಸ್ಸಿಗೆ ಅದು ಮುಳ್ಳಿನಂತೆ ನಟ್ಟಿತು.

ಹೊಗಳಲು ಕಾರಣ ಮಣ್ಣೆತ್ತು. ಮುಂಗಾರಿನ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಆ ಕಡೆ ಮನೆಮನೆಯಲ್ಲೂ ಎರೆಮಣ್ಣಿನ ಜೋಡೆತ್ತಿಗೆ ಪೂಜೆ. ಅವನ್ನು ಮಾಡುವುದೆಂದರೆ ಚಿಕ್ಕ ಶಾಬುದ್ದೀನನಿಗೆ ಊಟ ಬೇಡ, ನಿದ್ದೆ ಬೇಡ. ಕೋಡು ತಿದ್ದಿದಷ್ಟೂ ಸಾಲದು, ಡುಬ್ಬ ನೇವರಿಸಿದಷ್ಟೂ ಸಾಲದು. ಪಕ್ಕದ ಮನೆಯ ಉಡಚವ್ವ ಅವನ ಎತ್ತನ್ನೇ ಜಗುಲಿಯ ಮೇಲೆ ಇಡುತ್ತಿದ್ದಳು. ಮರುದಿನ ಅವು ಓಣಿಯ ಬಾವಿಗೆ ಬಿದ್ದು ನೀರುಪಾಲು. ಆಗ ಅಳು ಬರುತ್ತಿತ್ತು. ನಲವತ್ತು ದಾಟಿದ ಮೇಲೆ ಅಳು ಹೋಗಿ ಸಂಕಟ ಉಳಿಯಿತು: ಅಷ್ಟು ವರ್ಷ ಇದ್ದ ಊರಿನಲ್ಲಿ ತನ್ನ ಕೈಯದೆಂಬ ಒಂದು ಗುರುತೂ ಇಲ್ಲವಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವನಿಗೆ ಉಪಾಯವೊಂದು ಹೊಳೆಯಿತು. ಜೋಡೆತ್ತು ಮಾಡಿ ಹುಬ್ಬಳ್ಳಿಯ ಕುಂಬಾರನ ಆವಿಗೆಯಲ್ಲಿ ಮಡಕೆಗಳ ಜೊತೆ ಸುಡಿಸಿದ. ಕೆಂಪಗೆ, ಗಟ್ಟಿಯಾಗಿ ಬಂದವು. ಇನ್ನು ಇವು ಕರಗಲಾರವು, ಉಡಚವ್ವನ ಮನೆಯಲ್ಲಿ ಕಾಯಂ ಇರುತ್ತವೆ ಎಂದುಕೊಂಡು ಅಮಾವಾಸ್ಯೆಯ ಮುಂಜಾನೆ ಧಾರವಾಡಕ್ಕೆ ರೈಲು ಹತ್ತಿದ. ಅಲ್ಲಿಂದ ಯಾರದೋ ಚಕ್ಕಡಿ ಹಿಡಿದು ಗರಗ ಮುಟ್ಟಿ, ಉಡಚವ್ವನ ಕಟ್ಟೆಯ ಮೇಲೆ ಗಂಟು ಬಿಚ್ಚಿದ.

ಮುದುಕಿ ಅವನ ಗುರುತು ಹಿಡಿದಳು. ಎತ್ತನ್ನು ಕೈಗೆತ್ತಿಕೊಂಡು, ಉಗುರಿನಿಂದ ಬಡಿದು ನೋಡಿ ಕೆಳಗಿಟ್ಟಳು.

"ಸುಟ್ಟಿಯೇನೋ ಶಾಬ್ಯಾ?"

"ಹೌದ್ರಿ ದೊಡ್ಡವ್ವಾ. ಉಳೀಲಿ ಅಂತ."

"ಸುಟ್ಟ ಮಣ್ಣಾಗ ಏನ್ ಬೆಳೀತೈತಿ? ಪೂಜಿಗೆ ಹಸಿ ಎತ್ತ ಆಗಬೇಕು. ಅಷ್ಟೂ ಮರತಿ?"

ಖರೆಯಾಗಿ ಮರೆತಿದ್ದ. ಗರಗದ ಕೂಸು ಕೂಡ ಮಾಡದ ತಪ್ಪು. ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು. ಈ ಊರೇ ಇಷ್ಟು ಎಂದುಕೊಂಡು ಗಂಟು ಕಟ್ಟತೊಡಗಿದ.

"ಇವು ಮೊಮ್ಮಕ್ಕಳಿಗೆ ಆಡಾಕ ಆದಾವು, ಇಡು," ಎಂದಳು ಉಡಚವ್ವ. "ಹಿತ್ತಲದಾಗ ಮಣ್ಣು ಕಲಿಸಿಟ್ಟೇನಿ. ಕುಂತು ಬ್ಯಾರೆ ಮಾಡು."

"ನಾಳೆ ಬಾವ್ಯಾಗ ಹಾಕ್ತೀರಿ. ಈ ಊರಾಗ ನಂದು ಏನ್ ಉಳೀತ್ರಿ?"

ಮುದುಕಿ ಬಾವಿಯ ಕಡೆ ಕೈ ಮಾಡಿದಳು.

"ನೀ ಮಾಡಿದ್ದೆಲ್ಲಾ ಆ ಬಾವ್ಯಾಗ ಐತೆಪಾ. ನಾವು ಇವತ್ತಿಗೂ ಅದ ನೀರು ಕುಡೀತೇವಿ."

ಶಾಬುದ್ದೀನ ಗಂಟು ಕೆಳಗಿಟ್ಟ. ಅಂಗಿಯ ತೋಳು ಮೇಲೇರಿಸಿ, ಹಿತ್ತಲಿಗೆ ಹೋಗಿ ಮಣ್ಣಿಗೆ ಕೈ ಹಾಕಿದ.